ಬ್ಯಾಳಿ ಅಂದ್ರ ತಪ್ಪೇನಲ್ಲ

ಮೊನ್ನೆ ಊಟಕ್ಕ ಕೂತಾಗ ಮೊಮ್ಮಗ ಅಂದ, "ಅಜ್ಜಿ, ಬ್ಯಾಳಿ ಸಾರು ಅನ್ನಬಾರದಂತ. ಬೇಳೆ ಅನ್ನಬೇಕಂತ. ನಾವು ಮಾತಾಡೂದು ಕೆಟ್ಟ ಕನ್ನಡ ಅಂತ." ಸೌಟು ಕೈಯಾಗ ಹಂಗ ನಿಂತಿತು. ಅವತ್ತಿಂದ ಹುಡುಗ ಮನ್ಯಾಗ ಮಾತಾಡೂದ ಕಮ್ಮಿ ಮಾಡ್ಯಾನ.

ಉಚ್ಚಾರ ಬದಲಾದ್ರ ಮಾತು ಕೆಟ್ಟಂಗೇನು? ಅಲ್ಲ ಅಂತೀನಿ ನಾ. ಇಂಗ್ಲಿಷನ್ನ ನೋಡ್ರಿ. ಸಂಸ್ಕೃತದ 'ಪಿತೃ', ಲ್ಯಾಟಿನ್ನಿನ 'ಪಾತೆರ್', ಇಂಗ್ಲಿಷಿನ 'ಫಾದರ್' ಒಂದ ಬಳಗದವು. 'ಪಾದ'ಕ್ಕ ಅಲ್ಲೆ 'ಫುಟ್'. ಪ ಇದ್ದಲ್ಲೆ ಫ. 'ದಂತ'ಕ್ಕ 'ಟೂತ್', 'ದ್ವಿ'ಗೆ 'ಟೂ', 'ದಶ'ಕ್ಕ 'ಟೆನ್'. ದ ಇದ್ದಲ್ಲೆ ಟ. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಾಗ ಇಂಥ ಹೊಂದಿಕಿ ತೋರಿಸಿದ್ರು. 1822ರಾಗ ಜರ್ಮನಿಯ ಯಾಕೋಬ್ ಗ್ರಿಮ್ ಅದನ್ನ ನಿಯಮದಂಗ ಜೋಡಿಸಿ ಬರದ್ರು. ತಮ್ಮನ ಜೋಡಿ ಮಕ್ಕಳ ಕಥಿ ಕೂಡಿಸಿದ ಗ್ರಿಮ್ ಇವರ.

ಹಂಗಂತ 'ಫಾದರ್' ಅನ್ನೂದು 'ಪಿತೃ'ವಿನ ಮಗಳಲ್ಲ, ತಂಗಿ. ಇಬ್ಬರ ತಾಯಿ ಇನ್ನೂ ಹಳೇ ಭಾಷಾ, ಅದರ ಬರಹ ಉಳದಿಲ್ಲ. 'ಶುಗರ್' ಕಥಿ ಬ್ಯಾರೆ. ನಮ್ಮ ಕಡೆಯ 'ಶರ್ಕರಾ' ಪಾರ್ಸಿ, ಅರಬ್ಬಿ ದಾಟಿ ಯುರೋಪಿಗೆ ಹೋತು. ಅದು ಬಳಗ ಅಲ್ಲ, ಕಡ ಒಯ್ದ ಶಬ್ದ.

'ಫಾದರ್' ಅಂದ್ರ ಕೆಟ್ಟ 'ಪಾತೆರ್' ಅಂತ ಯಾರೂ ಅನ್ನಂಗಿಲ್ಲ. ಹಂಗಿದ್ದಮ್ಯಾಲೆ ನಮ್ಮ ಬ್ಯಾಳಿ ಯಾಕ ಕೆಟ್ಟದ್ದು?

ಕನ್ನಡದ ಬಳಗ ಬ್ಯಾರೆ, ದ್ರಾವಿಡ. ಆದ್ರ ಬದಲಾಗೂದು ಇಲ್ಲೂ ಲೆಕ್ಕದ ಪ್ರಕಾರನ. ಹಳಗನ್ನಡದ 'ಪಾಲು' ಹಾಲಾತು, 'ಪತ್ತು' ಹತ್ತಾತು. ಅಂದ್ರ ಪುಸ್ತಕದ ಕನ್ನಡನೂ ಬದಲಾಗೇ ಬಂದದ್ದು. ಇನ್ನ ನಮ್ಮ ಮನಿ ಮಾತು ಕೇಳ್ರಿ: ಬೇಡ ಬ್ಯಾಡ ಆಗ್ತದ, ಬೇರೆ ಬ್ಯಾರೆ, ಮೇಲೆ ಮ್ಯಾಲೆ. ಆದ್ರ ಬೇಕು ಬ್ಯಾಕು ಆಗಂಗಿಲ್ಲ, ಗಿಡದ ಬೇರು ಬ್ಯಾರು ಆಗಂಗಿಲ್ಲ. ಮುಂದಿನ ಅಕ್ಷರಕ್ಕ ಅ ಇಲ್ಲಾ ಎ ಇದ್ರ ಬದಲಾಗ್ತದ, ಉ ಇದ್ರ ಹಂಗ ಉಳೀತದ. ಬೇಳೆಗೆ ಎ ಇತ್ತು, ಅದಕ್ಕ ಬ್ಯಾಳಿ ಆತು. ಇದನ್ನ ನಮಗ ಯಾರೂ ಪಾಠ ಮಾಡಿಲ್ಲ, ನಾಲಿಗಿಗೇ ಗೊತ್ತದ.

ಸಾಲ್ಯಾಗ ಬರಿಯೂ ಕನ್ನಡ ಕಲೀಲಿ, ಅದು ಬೇಕ ಬೇಕು. ಅದಕ್ಕಂತ ಮನಿ ಮಾತಿಗೆ ನಾಚಿಕಿ ಕಲಿಸಬ್ಯಾಡ್ರಿ. ಮೊಮ್ಮಗನ್ನ ಕೂಡಿಸ್ಕೊಂಡು ಹೇಳಿದೆ: "ಪರೀಕ್ಷಾದಾಗ ಬೇಳೆ ಬರಿ, ಇಲ್ಲೆ ಬ್ಯಾಳಿ ಉಣ್ಣು."

ನಿನ್ನೆ ರಾತ್ರಿ ತಾಟು ಮುಂದ ಹಿಡದು, "ಅಜ್ಜಿ, ಇನ್ನಷ್ಟು ಬ್ಯಾಳಿ ಸಾರು ಹಾಕು" ಅಂದ. ಎರಡು ಸೌಟು ಹಾಕಿದೆ.