ಅಳಿದ ಇಲಿ, ಒಂಟಿ ವೃಕ್ಷ

1895ರಲ್ಲಿ ದಕ್ಷಿಣ ಆಫ್ರಿಕದ ಎನ್‌ಗೋಯೆ ಅರಣ್ಯದ ಇಳಿಜಾರಿನಲ್ಲಿ ಸಸ್ಯಶಾಸ್ತ್ರಜ್ಞ ಜಾನ್ ಮೆಡ್ಲಿ ವುಡ್ ಒಂದು ಅಪೂರ್ವ ವೃಕ್ಷವನ್ನು ಕಂಡನು. ನೋಟಕ್ಕೆ ತಾಳೆಯಂತಿದ್ದರೂ ತಾಳೆಗೂ ಅದಕ್ಕೂ ಹತ್ತಿರದ ನಂಟಿಲ್ಲ. ಹೂವನ್ನೇ ಅರಿಯದ, ಬೀಜವನ್ನು ಹಣ್ಣಿನೊಳಗೆ ಅಡಗಿಸದ ಸೈಕಡ್ ಗಣದ್ದು ಅದು. ದೇವದಾರುವಿನ ದೂರದ ದಾಯಾದಿ. ಈ ಗಣದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ವುಡ್ ಕಂಡದ್ದು ಗಂಡು. ಹೆಣ್ಣು ಇಂದಿನವರೆಗೂ ದೊರೆತಿಲ್ಲ.

ಬಾಳೆಗೆ ಕಂದು ಒಡೆಯುವಂತೆ ಇದರ ಬುಡದಲ್ಲಿಯೂ ಮರಿಗಳು ಮೂಡುತ್ತವೆ. ಅವನ್ನು ಬಿಡಿಸಿ ನೆಟ್ಟದ್ದರಿಂದಲೇ ವಂಶ ಉಳಿದಿದೆ. ವಂಶವೆನ್ನುವುದೂ ಉಪಚಾರದ ಮಾತು. ಎಲ್ಲವೂ ಆ ಒಂದೇ ಗಂಡಿನ ತುಣುಕುಗಳು. ಕಾಡಿನಲ್ಲಿ ಒಂದೂ ಇಲ್ಲ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣ ಒಕ್ಕೂಟದ ಕೆಂಪುಪಟ್ಟಿ ಇದನ್ನು ‘ಕಾಡಿನಲ್ಲಿ ಅಳಿದದ್ದು’ ಎನ್ನುತ್ತದೆ.

ಬರಿಯ ‘ಅಳಿದದ್ದು’ ಎಂಬ ಪಂಕ್ತಿಯೂ ಆ ಪಟ್ಟಿಯಲ್ಲುಂಟು. ಬ್ರಾಂಬಲ್ ಕೇ ಮೆಲೊಮಿಸ್ ಕುಳಿತಿರುವುದು ಅಲ್ಲಿ. ದಂಶಕ ಗಣದ ಪ್ರಾಣಿ, ನಮ್ಮ ಅಟ್ಟದ ಇಲಿಯದೇ ಕುಟುಂಬ. ಆಸ್ಟ್ರೇಲಿಯಕ್ಕೂ ನ್ಯೂಗಿನಿಗೂ ನಡುವಣ ಟಾರೆಸ್ ಜಲಸಂಧಿಯಲ್ಲಿ, ಸುಮಾರು 3 ಮೀಟರು ಎತ್ತರದ ಮರಳುದಿಬ್ಬವೊಂದೇ ಅದರ ಪ್ರಪಂಚ. ಏರಿದ ಕಡಲು ದಿಬ್ಬದ ಹಸಿರನ್ನು ನುಂಗಿತು. 2009ರ ತರುವಾಯ ಇಲಿಯನ್ನು ಕಂಡವರಿಲ್ಲ. 2014ರ ಶೋಧವೂ ಬರಿಗೈಯಾಯಿತು. 2019ರಲ್ಲಿ ಆಸ್ಟ್ರೇಲಿಯದ ಸರ್ಕಾರ ಅದು ಅಳಿಯಿತೆಂದು ಸಾರಿತು.

ಇಲಿಗೆ ಕಂದು ಒಡೆಯುವುದಿಲ್ಲ. ಅದಕ್ಕೆ ಜೋಡಿಯೇ ಬೇಕು. ಯಾರೂ ಒಂದು ಜೋಡಿಯನ್ನು ಪಂಜರದಲ್ಲಿಟ್ಟು ಸಾಕಿರಲಿಲ್ಲ. ಲಂಡನ್ನಿನ ಕ್ಯೂ ಉದ್ಯಾನಕ್ಕೆ 1899ರಲ್ಲಿ ಬಂದ ಸೈಕಡ್ ಮಾತ್ರ, ಶತಮಾನ ಕಳೆದು 2004ರಲ್ಲಿ ತನ್ನ ಮೊದಲ ಪರಾಗಶಂಕುವನ್ನು ತಳೆಯಿತು.