ದಿನಚರಿಯ ತಕ್ಕಡಿ

ಬೇಗ ಏಳು, ಮಿತವಾಗಿ ಉಣ್ಣು, ಹೊತ್ತಿಗೆ ಸರಿಯಾಗಿ ಓದು, ಸಂಜೆ ಒಂದಿಷ್ಟು ತಿರುಗಾಡು ಎಂದು ವಿದ್ಯಾರ್ಥಿಗಳಿಗೆ ಉಪದೇಶಿಸದ ಅಧ್ಯಾಪಕರು ವಿರಳ. ಆ ಉಪದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಅದಕ್ಕೆ ಹಳೆಯ ಆಧಾರವೂ ಉಂಟು. ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವೇ ದಿನಚರ್ಯೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳುವುದು, ದಂತಧಾವನ, ಅಭ್ಯಂಗ, ವ್ಯಾಯಾಮ, ಸ್ನಾನ ಎಲ್ಲವೂ ಅಲ್ಲಿ ಕ್ರಮವಾಗಿ ಬರುತ್ತವೆ. ಗೀತೆಯ ಆರನೆಯ ಅಧ್ಯಾಯವೂ ಆಹಾರ, ವಿಹಾರ, ನಿದ್ರೆಗಳಲ್ಲಿ ಹದವನ್ನೇ ಬೇಡುತ್ತದೆ. ಆದರೆ ಇವನ್ನು ಓದುವಾಗಲೆಲ್ಲ ನನ್ನನ್ನೊಂದು ಲೌಕಿಕ ಸಂದೇಹ ಕಾಡುತ್ತದೆ. ಅಭ್ಯಂಗದ ಎಣ್ಣೆಯನ್ನು ಬಿಸಿಮಾಡಿ ಕೊಟ್ಟವರು ಯಾರು? ಹಂಡೆಯ ಒಲೆಗೆ ಉರಿ ಹಾಕಿದವರು ಯಾರು? ಬ್ರಾಹ್ಮೀ ಮುಹೂರ್ತಕ್ಕೆ ಎದ್ದವನ ಸ್ನಾನಕ್ಕೆ ನೀರು ಕಾದಿರಬೇಕಾದರೆ, ಅವನಿಗಿಂತ ಮೊದಲೇ ಎದ್ದ ಜೀವವೊಂದು ಆ ಮನೆಯಲ್ಲಿ ಇದ್ದೇ ಇರಬೇಕಲ್ಲವೆ?

ಹೊರಗಿನ ದುಡಿಮೆಗಾದರೋ ಜಗತ್ತು ಬಹುಕಾಲ ಹೆಣಗಿ ಒಂದು ಎಲ್ಲೆಯನ್ನು ಹಾಕಿಕೊಂಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲಿ ಮಾಡಿದ ಮೊದಲನೆಯ ಒಪ್ಪಂದವೇ ಕೈಗಾರಿಕೆಯಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂಬುದು. ನಮ್ಮ 1948ರ ಕಾರ್ಖಾನೆ ಕಾಯಿದೆಯೂ ವಾರಕ್ಕೆ ಅಷ್ಟೇ ಗಂಟೆಗಳನ್ನು ಗೊತ್ತುಮಾಡಿತು. 2023ರಲ್ಲಿ ಕರ್ನಾಟಕವು ಅದನ್ನು ತಿದ್ದಿ, ವಾರದ ಮಿತಿಯನ್ನು ಮುಟ್ಟದೆ, ದಿನಕ್ಕೆ 12 ಗಂಟೆಗಳವರೆಗೆ ದುಡಿಸಲು ಅವಕಾಶವಿತ್ತಾಗ ಕಾರ್ಮಿಕರಿಂದ ವಿರೋಧ ಎದ್ದಿತು, ಏಳಬೇಕಾದದ್ದೇ. ಆದರೆ ಅಡಿಗೆಮನೆಯ ದುಡಿಮೆ ಮುಗಿಯಿತೆಂದು ಯಾವ ಶಾಸನಸಭೆಯೂ ಗಂಟೆ ಬಾರಿಸಿದ್ದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ್ದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ಕೊಡುತ್ತಿದ್ದರು, ಗಂಡಸರು 97. ಇವರಾದರೂ ಕೆಲಸಕ್ಕೆ ಕೈಹಾಕಿದ ಗಂಡಸರು. ನಾಲ್ವರಲ್ಲಿ ಸುಮಾರು ಮೂವರು ಆ ಲೆಕ್ಕಕ್ಕೇ ಬರಲಿಲ್ಲ.

ಹದದ ಮಾತು ಬಂದಾಗ ನನಗೆ ಶಾಸ್ತ್ರಗ್ರಂಥಗಳಿಗಿಂತ 12ನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನೇ ಹೆಚ್ಚು ಆಪ್ತಳು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವಳ ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದನಂತೆ. ಅದು ಆಸೆಯೆಂದು ಅವಳು ಗದರಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳಂತೆ. ಇದನ್ನು ನಿರ್ಲೋಭಕ್ಕೆ ದೃಷ್ಟಾಂತವಾಗಿ ಹೇಳುವುದು ರೂಢಿ. ನನಗೆ ಮುಖ್ಯವೆನಿಸುವುದು ಬೇರೆ. ಎಷ್ಟು ಸಾಕು ಎಂಬುದನ್ನು ಆ ಮನೆಯಲ್ಲಿ ನಿಶ್ಚಯಿಸಿದವಳು ಹೆಂಡತಿ. ಕೇಳಿ, ಒಪ್ಪಿ, ಹಿಂದಿರುಗಿ ನಡೆದವನು ಗಂಡ. ಇಬ್ಬರೂ ವಚನಕಾರರಾದರು ಎಂಬುದನ್ನೂ ನಾವು ಮರೆಯಬಾರದು.

ಆದುದರಿಂದ ನಮ್ಮ ತರುಣರು ಬರೆದು ಗೋಡೆಗೆ ಅಂಟಿಸಿಕೊಳ್ಳುವ ವೇಳಾಪಟ್ಟಿಯಲ್ಲಿ ಓದು, ಆಟ, ನಿದ್ರೆಗಳ ಜೊತೆಗೆ, ಉಂಡ ತಟ್ಟೆಯನ್ನು ತೊಳೆಯುವುದು, ಬಟ್ಟೆ ಒಗೆಯುವುದು, ವಾರಕ್ಕೆ ಎರಡು ಹೊತ್ತಿನ ಅಡಿಗೆ, ಇವಕ್ಕೂ ಒಂದೊಂದು ಸಾಲು ಬರಲಿ ಎಂಬುದು ನನ್ನ ಸೂಚನೆ. ಪರೀಕ್ಷೆಯ ಕಾಲದಲ್ಲಿ ಇದೆಲ್ಲ ಆಗದ ಮಾತು ಎನ್ನುವ ಹುಡುಗರುಂಟು. ಅದೇ ಪರೀಕ್ಷೆಗೆ ಕೂರುವ ಅವರ ಅಕ್ಕತಂಗಿಯರು ರೊಟ್ಟಿ ತಟ್ಟಿ, ಪಾತ್ರೆ ಬೆಳಗಿ, ಬಳಿಕ ಪುಸ್ತಕ ಹಿಡಿಯುತ್ತಾರೆ. ಎಸ್‌.ಎಸ್‌.ಎಲ್‌.ಸಿ. ಫಲಿತಾಂಶ ಪ್ರಕಟವಾದಾಗ ತೇರ್ಗಡೆಯಾದವರಲ್ಲಿ ಯಾರ ಪ್ರಮಾಣ ಮೇಲಿದೆಯೆಂಬುದನ್ನು ಆ ಹುಡುಗರು ಒಮ್ಮೆ ನೋಡಬಹುದು.