ಕೆರೆಗೆ ಬಂದ ನೀರು ಯಾರ ಸ್ವತ್ತು?

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಮೊದಲ ನೀರು ಲಕ್ಷ್ಮೀಸಾಗರದ ಕೆರೆಗೆ ಬಂದುದು 2018ರ ಜೂನ್ ತಿಂಗಳಲ್ಲಿ. ದಿನಕ್ಕೆ 44 ಕೋಟಿ ಲೀಟರಿನಂತೆ 126 ಕೆರೆಗಳನ್ನು ತುಂಬಿಸುವುದು ಯೋಜನೆಯ ಗುರಿ. ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲದ ಜಿಲ್ಲೆ ನಮ್ಮದು. ಜಾಲಿ ಬೆಳೆದು ನಿಂತಿದ್ದ ಕೆರೆಯಂಗಳದಲ್ಲಿ ನೀರು ಕಂಡು ಜನ ಹಿಗ್ಗಿದರೆ ಅದು ಸಹಜವೇ. ನಗರ ಬಳಸಿ ಬಿಟ್ಟ ನೀರು ಬೇಸಾಯಕ್ಕೆ ಬರುವುದನ್ನು ನಾವು ವಿರೋಧಿಸುವುದಿಲ್ಲ.

ನೀರು ಎರಡನೆಯ ಹಂತದವರೆಗೆ ಮಾತ್ರ ಶುದ್ಧವಾಗಿ ಬರುವಂತೆ ಯೋಜನೆ ರೂಪುಗೊಂಡಿತು. 2018ರಲ್ಲಿಯೇ ಕೆರೆಯಲ್ಲಿ ನೊರೆ ಎದ್ದು, ವಿಚಾರ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆ ನಮ್ಮದೂ ಹೌದು.

ಆದರೆ ಯಾರೂ ಕೇಳದ ಇನ್ನೊಂದು ಪ್ರಶ್ನೆಯುಂಟು. ಈ ನೀರನ್ನು ತೂಬೆತ್ತಿ ಅಚ್ಚುಕಟ್ಟಿಗೆ ಬಿಡುವಂತಿಲ್ಲ. ಕೆರೆಯಿಂದ ನೇರವಾಗಿ ಎತ್ತುವಂತೆಯೂ ಇಲ್ಲ. ಅದು ನೆಲದಲ್ಲಿ ಇಂಗಬೇಕು, ಬಾವಿಗಳಿಗೆ ಊರಬೇಕು. ಸರಿ, ಬಾವಿ ಯಾರದು? ಸಾವಿರ ಅಡಿ ಕೊರೆಯಿಸುವ ಹಣ ಯಾರ ಬಳಿ ಇದೆ? ಎರಡು ಎಕರೆಯ ಹಿಡುವಳಿದಾರನ ಬಳಿಯೇ? ಕೂಲಿಕಾರನ ಬಳಿಯೇ? ಸರ್ಕಾರದ ಬೊಕ್ಕಸದಿಂದ, ಅಂದರೆ ಎಲ್ಲರ ತೆರಿಗೆಯಿಂದ ಬಂದ ನೀರು ನೆಲದೊಳಗೆ ಇಳಿಯುವ ತನಕ ಊರಿನದು. ಇಳಿದ ಮೇಲೆ ಮೋಟಾರು ಇದ್ದವನದು! ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ತೂ ಉಚಿತ. ಒಂದು ಬಾವಿಯವನಿಗೂ ನಾಲ್ಕು ಬಾವಿಯವನಿಗೂ ಒಂದೇ ನ್ಯಾಯ. ಬಾವಿಯೇ ಇಲ್ಲದವನ ಪಾಲಿಗೆ ಯಾವ ಉಚಿತವೂ ಇಲ್ಲ.

ಕೆರೆಯ ನೀರನ್ನು ತೂಬಿನಿಂದ ಬಿಡುತ್ತಿದ್ದ ಕಾಲದಲ್ಲಿ ನೀರುಗಂಟಿ ಗದ್ದೆಗದ್ದೆಗೂ ಸರದಿ ನೋಡಿ ಹಾಯಿಸುತ್ತಿದ್ದ. ನೀರು ಕಡಮೆಯಾದ ವರ್ಷ ಅಚ್ಚುಕಟ್ಟಿನ ಒಂದು ಭಾಗವನ್ನು ಮಾತ್ರ ಸಾಗು ಮಾಡಿ, ಅದನ್ನೇ ಎಲ್ಲರೂ ಪಾಲು ಹಾಕಿಕೊಳ್ಳುವ ಪದ್ಧತಿ ಈ ಸೀಮೆಯಲ್ಲಿತ್ತು. ಹಳೆಯದೆಲ್ಲ ಚಿನ್ನವೆಂದು ನಾವು ಹೇಳುತ್ತಿಲ್ಲ. ನೀರು ಹಂಚಿದ ನೀರುಗಂಟಿ ಹೆಚ್ಚಾಗಿ ಹೊಲಗೇರಿಯವನು. ಸುಗ್ಗಿಯಲ್ಲಿ ಅವನಿಗೆ ಸಿಕ್ಕಿದ್ದು ಕಣದ ಮೂಲೆಯ ನಾಲ್ಕು ಮೊರ ಧಾನ್ಯ. ಆದರೂ ನೀರು ಹಂಚಿ ತಿನ್ನುವ ವಸ್ತುವೆಂಬ ತಿಳಿವಳಿಕೆ ಆ ಕಟ್ಟಳೆಯಲ್ಲಿತ್ತು. ಕೊಳವೆಬಾವಿ ಅದನ್ನು ಅಳಿಸಿತು.

ಅಂತರ್ಜಲವನ್ನು ಹತೋಟಿಯಲ್ಲಿಡಲು 2011ರ ಕಾಯಿದೆಯೊಂದು ನಮ್ಮ ರಾಜ್ಯದಲ್ಲಿದೆ. ಬಾವಿ ಕೊರೆಯಲು ಅನುಮತಿ, ಇರುವ ಬಾವಿಗೆ ನೋಂದಣಿ, ಎಲ್ಲವೂ ಅದರಲ್ಲಿ ಬರೆದಿದೆ. ಕೆರೆ ತುಂಬಿದ ಊರುಗಳಲ್ಲಾದರೂ ಅದನ್ನು ಕಟ್ಟುನಿಟ್ಟಾಗಿ ನಡೆಸಬೇಕು. ಏರಿಯ ಕೆಳಗೆ ಹೊಸ ಖಾಸಗಿ ಬಾವಿಗೆ ಅನುಮತಿ ಕೊಡುವ ಬದಲು ಸಣ್ಣ ಹಿಡುವಳಿದಾರರ ಕೂಡುಬಾವಿಗೆ ಸಹಾಯಧನ ಕೊಡಬೇಕು. ಎಷ್ಟು ಹೊತ್ತು ಪಂಪು ನಡೆಯಬೇಕು, ಯಾವ ಬೆಳೆ ಇಡಬೇಕು ಎಂಬುದನ್ನು ಗ್ರಾಮಸಭೆ ಗೊತ್ತುಮಾಡಲಿ. ಆ ಸಭೆಯಲ್ಲಿ ಜಮೀನಿಲ್ಲದವರೂ ಕೂರಲಿ. ಮೊದಲ ಕೆಲಸವಾಗಿ, ಈ 126 ಕೆರೆಗಳ ಸುತ್ತಲ ಕೊಳವೆಬಾವಿಗಳು ಯಾರವು, ಎಷ್ಟು ಅಡಿ, ಎಷ್ಟು ಅಶ್ವಶಕ್ತಿ ಎಂಬ ಪಟ್ಟಿಯನ್ನು ಆಯಾ ಪಂಚಾಯಿತಿಯ ಗೋಡೆಗೆ ಅಂಟಿಸಲಿ.